ಮನೆಯೆಲ್ಲ ಮುಟ್ಟುವ ನಿಸ್ತಂತು

ಅರಸೀಕೆರೆಯಲ್ಲಿ ನಮ್ಮ ಬಂಧುಗಳೊಬ್ಬರಿಗೆ ಹಳೆಯ ಕಾಲದ ತೊಟ್ಟಿಮನೆಯೊಂದುಂಟು. ಅದರ ಗೋಡೆಗಳು ಮೊಳದಗಲದ ಮಣ್ಣಿನವು. ಮನೆಯ ಅಜ್ಜಿಯವರು ಹಿಂಬದಿಯ ಕೋಣೆಯನ್ನು ಬಿಟ್ಟು ಏಳಲಾರರು. ಪರದೇಶದಲ್ಲಿರುವ ಮೊಮ್ಮಗಳ ಮುಖವನ್ನು ಮೊಬೈಲಿನಲ್ಲಿ ಕಾಣುವುದೇ ಅವರಿಗೆ ದಿನದ ಹಬ್ಬ. ಆದರೆ ರೌಟರ್ ಎಂಬ ನಿಸ್ತಂತು ಪೆಟ್ಟಿಗೆಯಿದ್ದುದು ಬೀದಿಬಾಗಿಲ ಬಳಿ, ಕಬ್ಬಿಣದ ಬೀರುವಿನ ಮೇಲೆ. ಮೊಮ್ಮಗಳ ಮಾತು ನಡುವೆಯೇ ಕಡಿದುಹೋಗುತ್ತಿತ್ತು. ಆರು ಆಂಟೆನಾಗಳನ್ನು ಕೊಂಬಿನಂತೆ ಚಾಚಿದ ದುಬಾರಿ ಪೆಟ್ಟಿಗೆಯೊಂದನ್ನು ತಂದು ಅಲ್ಲಿಯೇ ಇರಿಸಿದರು. ಹಣ ವೆಚ್ಚವಾಯಿತೇ ಹೊರತು ಅಜ್ಜಿಯ ಸಂಕಟ ತೀರಲಿಲ್ಲ.

ಇಂತಹ ಅನುಭವ ಅನೇಕ ಗೃಹಸ್ಥರಿಗೆ ಆಗಿರುವುದುಂಟು. ಆದಕಾರಣ ರೌಟರನ್ನು ಕೊಳ್ಳುವ ಮೊದಲು ಅರಿಯತಕ್ಕ ಕೆಲವು ಸಂಗತಿಗಳನ್ನು ಇಲ್ಲಿ ವಿಚಾರಿಸೋಣ.

ರೌಟರು ಹೊರಡಿಸುವುದು ರೇಡಿಯೋ ಅಲೆಗಳನ್ನೇ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯನ್ನು ಆರಂಭಿಸಿದಾಗ ಶ್ರೋತೃಗಳು ಕೇಳಿದರೆ ಸಾಕಾಗಿತ್ತು. ರೌಟರಿನ ವಿಷಯ ಹಾಗಲ್ಲ. ಇದು ಇಬ್ಬರ ಸಂಭಾಷಣೆ. ಪೆಟ್ಟಿಗೆ ಎಷ್ಟು ಗಟ್ಟಿಯಾಗಿ ಕೂಗಿದರೂ ಮೊಬೈಲಿನ ಕ್ಷೀಣವಾದ ದನಿ ಅದಕ್ಕೆ ಮರಳಿ ತಲಪದಿದ್ದರೆ ಫಲವಿಲ್ಲ. ಮೇಲಾಗಿ, ಇಂತಹ ಪೆಟ್ಟಿಗೆಗಳ ಬಲಕ್ಕೆ ಸರಕಾರವೇ ಮಿತಿ ವಿಧಿಸಿದೆ. ಕೊಂಬುಗಳನ್ನು ಎಣಿಸಿ ಮರುಳಾಗುವುದು ಸಲ್ಲದು.

ಈ ಅಲೆಗಳಲ್ಲಿ ಎರಡು ಬಗೆ ಮುಖ್ಯ. 2.4 ಗಿಗಾಹರ್ಟ್ಸಿನ ಅಲೆಯ ಉದ್ದ ಸುಮಾರು 12 ಸೆಂಟಿಮೀಟರು. ಅದಕ್ಕೆ ವೇಗ ಕಡಿಮೆ, ಗೋಡೆ ದಾಟುವ ಶಕ್ತಿ ಹೆಚ್ಚು. 5 ಗಿಗಾಹರ್ಟ್ಸಿನದು ಅದರ ಅರ್ಧದಷ್ಟು. ಅದಕ್ಕೆ ವೇಗ ಬಹಳ, ಆದರೆ ದಪ್ಪ ಗೋಡೆಯೆದುರು ಬೇಗ ದಣಿಯುವುದು. ಎರಡೂ ಉಳ್ಳ ಪೆಟ್ಟಿಗೆಯನ್ನೇ ಕೊಳ್ಳತಕ್ಕದ್ದು. ಮಣ್ಣು, ಕಲ್ಲು, ಕಾಂಕ್ರೀಟುಗಳು ಅಲೆಯನ್ನು ಹೀರುವುವು, ಲೋಹವೂ ಕನ್ನಡಿಯೂ ಹಿಂದಕ್ಕೆ ತಳ್ಳುವುವು, ನೀರು ನುಂಗುವುದು. ತೋಟದ ಮನೆಯವರಿಗೆ ತೆಂಗಿನ ಹಸಿ ಗರಿಗಳೂ ಅಡ್ಡಿಯೇ.

ಆದುದರಿಂದ ಪೆಟ್ಟಿಗೆಯ ಗುಣಕ್ಕಿಂತ ಅದರ ಸ್ಥಾನ ಮೊದಲು. ಮನೆಯ ನಡುವೆ, ಆಳೆತ್ತರದಲ್ಲಿ, ಸುತ್ತ ತೆರವಿರುವೆಡೆ ಅದನ್ನಿರಿಸಬೇಕು. ತೊಟ್ಟಿಮನೆಯಲ್ಲಿ ತೊಟ್ಟಿಯ ಅಂಚಿನ ಕಂಬವೇ ಉತ್ತಮ ಸ್ಥಳ. ಮಳೆಯ ಎರಚಲು ತಾಗದಿದ್ದರಾಯಿತು. ಬಯಲಾದ ಅಂಗಳವನ್ನು ದಾಟಲು ಅಲೆಗೆ ಶ್ರಮವಿಲ್ಲ.

ಇಷ್ಟರಿಂದಲೂ ಸಾಲದ ಮನೆಗಳುಂಟು. 2023ರಲ್ಲಿ ಬೇಲೂರು, ಹಳೇಬೀಡಿನ ಹೊಯ್ಸಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆ ಊರುಗಳಲ್ಲಿ ಯಾತ್ರಿಕರಿಗೆ ಮಹಡಿಯ ಕೋಣೆಗಳನ್ನು ಕೊಡುವವರಿಗೆ ಒಂದೇ ಪೆಟ್ಟಿಗೆ ಸಾಲದೆ ಹೋಗಬಹುದು. ಅಂಥವರು ಒಂದು ದೊಡ್ಡದರ ಬದಲು ಎರಡು ಸಾಧಾರಣ ಪೆಟ್ಟಿಗೆಗಳನ್ನು ಬೇರೆಬೇರೆ ಕಡೆ ಇರಿಸುವುದು ಲೇಸು. ಮೆಶ್ ಎಂದು ಮಾರುವ ಜೋಡಿಪೆಟ್ಟಿಗೆಗಳು ಇದಕ್ಕೆಂದೇ ಇರುವುವು. ಎರಡರ ನಡುವೆ ತಂತಿಯೆಳೆದರೆ ಬಹಳ ಮೇಲು. ಆ ತಂತಿ 100 ಮೀಟರಿನವರೆಗೆ ಚೆನ್ನಾಗಿ ಒಯ್ಯುವುದು. ಗಾಳಿಯಲ್ಲಿಯೇ ಕೇಳಿ ಗಾಳಿಯಲ್ಲಿಯೇ ಮರುನುಡಿಯುವ ಅಗ್ಗದ ಪೆಟ್ಟಿಗೆಗೆ ಒಂದೇ ಬಾಯಿ; ವೇಗ ಅರ್ಧಕ್ಕಿಳಿಯುವುದುಂಟು.

ಕೊನೆಗೆ ಅರಸೀಕೆರೆಯ ಬಂಧುಗಳು ಮಾಡಿದುದಿಷ್ಟೆ: ಬೀದಿಬಾಗಿಲಿನಿಂದ ತೊಟ್ಟಿಯ ಕಂಬಕ್ಕೆ ತಂತಿಯೆಳೆದು ಪೆಟ್ಟಿಗೆಯನ್ನು ಅಲ್ಲಿಗೆ ಸಾಗಿಸಿದರು. ಅಂದು ಸಂಜೆ ಅಜ್ಜಿ ಮೊಮ್ಮಗಳೊಡನೆ ಮುಕ್ಕಾಲು ಗಂಟೆ ಮಾತನಾಡಿದರು. ಪರೀಕ್ಷೆಗೆಂದು ಮರುದಿನ ಹಳೆಯ ಪೆಟ್ಟಿಗೆಯನ್ನೇ ಅದೇ ಕಂಬಕ್ಕೆ ಕಟ್ಟಿ ನೋಡಿದರಂತೆ. ಅದೂ ಸಾಕಾಗಿತ್ತು!