ಗೂಡಿನ ದುಡ್ಡು, ಸಿನಿಮಾ ಟಿಕೆಟ್ಟು!

1973ರಲ್ಲಿ 'ಶೋಲೆ' ಚಿತ್ರೀಕರಣ ಶುರುವಾದ ರಾಮನಗರ ಇದು, ಸ್ವಾಮಿ! ಗಬ್ಬರ್‌ನ ಬಂಡೆ ನೋಡೋಕೆ ಬಂದವರು ರೇಷ್ಮೆಗೂಡಿನ ಮಾರುಕಟ್ಟೆಗೂ ಒಮ್ಮೆ ಹೋಗಿ ಬನ್ನಿ. ಹುಳು ಸಾಕುವ ಮನೆಗೆ ಒಂದನೇ ತಾರೀಖಿನ ಸಂಬಳ ಇಲ್ಲ. ಹುಳು ನಾಲ್ಕು ಜ್ವರ ದಾಟಿ, ಹಣ್ಣಾಗಿ, ಚಂದ್ರಿಕೆ ಏರಿ ಗೂಡು ಕಟ್ಟೋವರೆಗೂ ಸುಮಾರು ಒಂದು ತಿಂಗಳು ಬರೀ ಖರ್ಚು. ಹರಾಜಾದ ಮೇಲೆ ಒಟ್ಟಿಗೇ ದುಡ್ಡು... ಅಪಾಯ ಇರೋದೇ ಅಲ್ಲಿ!

ನಾನು ಕಂಡ ಜಾಣ ತಾಯಂದಿರು ಮೊದಲು ಎತ್ತಿಡೋದು ಮುಂದಿನ ಬೆಳೆಯ ಚಾಕಿ ಹುಳುವಿನ ದುಡ್ಡನ್ನ. ಆಮೇಲೆ ಅಂಗಡಿ ಬಾಕಿ, ಅಕ್ಕಿ-ಬೇಳೆ. ಸುಣ್ಣಕಟ್ಟು ರೋಗ ಬಿದ್ದರೆ ಬೆಳೆಯೆಲ್ಲ ಗುಂಡಿಪಾಲು, ಆಗ ಎತ್ತಿಟ್ಟ ಆ ಗಂಟೇ ಗತಿ.

ಮೊದಲ ದಿನದ ಮೊದಲ ಆಟಕ್ಕೆ ಅಮ್ಮನ ಮುಂದೆ ಕೈಚಾಚೋ ತಮ್ಮಂದಿರೇ, ಹುಳು ಎಷ್ಟನೇ ಜ್ವರದಲ್ಲಿದೆ ಅಂತ ನೋಡ್ಕೊಂಡು ಕೇಳಿ!