ಚಳಿಜ್ವರಕ್ಕೆ ಸಸ್ಯಸಾರಗಳ ಪರೀಕ್ಷೆ

ಚಳಿಜ್ವರದಿಂದ ಆಳುಗಳು ಹಾಸಿಗೆ ಹಿಡಿದರೆ ಬಿತ್ತನೆ ಕೊಯ್ಲುಗಳೆರಡೂ ಕೆಡುವುವು. ಆದಕಾರಣ ಇದರ ಔಷಧದ ಶೋಧವು ಗ್ರಾಮಸ್ಥರೆಲ್ಲರೂ ತಿಳಿಯತಕ್ಕ ವಿಷಯವಾಗಿದೆ.

ಚೀನಾ ದೇಶದಲ್ಲಿ ತೂ ಯೂಯೂ ಎಂಬ ವಿದುಷಿಯೂ ಆಕೆಯ ಸಹಾಯಕರೂ ಸುಮಾರು 200 ಮೂಲಿಕೆಗಳ ಸಾರಗಳನ್ನು ಇಲಿಗಳ ಮೇಲೆ ಪರೀಕ್ಷಿಸಿದರು. ಚಿಂಗ್‌ಹಾವ್ ಎಂಬ ಗಿಡದ ಸಾರವು ಒಮ್ಮೆ ಗುಣ ತೋರಿ ಮತ್ತೊಮ್ಮೆ ನಿಷ್ಫಲವಾಯಿತು. ನಾಲ್ಕನೆಯ ಶತಮಾನದ ವೈದ್ಯ ಗೆ ಹಾಂಗನು ಈ ಸೊಪ್ಪನ್ನು ನೀರಿನಲ್ಲಿ ನೆನೆಯಿಟ್ಟು, ಹಿಂಡಿದ ರಸವನ್ನು ಕುಡಿಯಬೇಕೆಂದು ಬರೆದಿದ್ದನು. ಕಾವಿನಿಂದ ಗುಣವು ಕೆಡುವುದೆಂದು ಇದರಿಂದ ಊಹಿಸಿ, ಅಲ್ಪ ಶಾಖದಲ್ಲಿಯೇ ಕುದಿಯುವ ಈಥರ್ ದ್ರವದಿಂದ ಸಾರವನ್ನು ಇಳಿಸಲಾಯಿತು. 1971ರ ಅಕ್ಟೋಬರಿನಲ್ಲಿ 191ನೆಯ ಮಾದರಿಯು ಇಲಿಗಳಲ್ಲಿ ರೋಗವನ್ನು ಸಂಪೂರ್ಣವಾಗಿ ತಡೆಯಿತು. 1972ರಲ್ಲಿ ಸಂಶೋಧಕರು ಮೊದಲು ತಾವೇ ಸೇವಿಸಿ, ತರುವಾಯ ರೋಗಿಗಳಿಗೆ ಕೊಟ್ಟರು.

ಮನೆಯ ಸೊಪ್ಪಿನ ಕಷಾಯದಲ್ಲಿ ಔಷಧಾಂಶವು ಒಂದೇ ಪ್ರಮಾಣದಲ್ಲಿರುವುದಿಲ್ಲವಾದುದರಿಂದ ಅದನ್ನು ನಂಬಲಾಗದು. ಜ್ವರಪೀಡಿತರ ರಕ್ತವನ್ನು ತಡಮಾಡದೆ ಪರೀಕ್ಷೆ ಮಾಡಿಸಿ, ವೈದ್ಯರು ಕೊಟ್ಟ ಮಾತ್ರೆಗಳನ್ನು ಪೂರ್ತಿಯಾಗಿ ಸೇವಿಸುವಂತೆ ಗ್ರಾಮದ ಮುಖಂಡರು ನೋಡಿಕೊಳ್ಳತಕ್ಕದ್ದು.