ಇಳಿಸಿಟ್ಟ ಎಂಜಿನ್‌ಗೆ ಮಳೆಗಾಲವೇ ವೈರಿ

ಹಳೆಯ ಪ್ರೀಮಿಯರ್ ಪದ್ಮಿನಿಯನ್ನು ಟಿಂಕರಿಂಗ್‌ಗೆ ಬಿಟ್ಟವರೆಲ್ಲ ಕೇಳಿರುವ ಮಾತು ಇದು: ‘ಮೂರೇ ತಿಂಗಳು ಸಾರ್, ಯುಗಾದಿಗೆ ಗಾಡಿ ಹೊರಗೆ.’ ಯಾವ ವರ್ಷದ ಯುಗಾದಿ ಎಂದು ಮೇಸ್ತ್ರಿ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಬಿಚ್ಚಿ ನೋಡಿದರೆ ತಳದ ತಗಡನ್ನು ತುಕ್ಕು ತಿಂದಿರುತ್ತದೆ. ಬಾಗಿಲಿನ ರಬ್ಬರು ಮುಂಬೈಯಿಂದ ಬರಬೇಕು. ಅದು ಬರುವಷ್ಟರಲ್ಲಿ ಪೇಂಟರ್ ಬೇರೆ ಕೆಲಸ ಹಿಡಿದಿರುತ್ತಾನೆ. ಚೈನ್ ಪುಲ್ಲಿಗೆ ಕಟ್ಟಿ ಇಳಿಸಿದ ಎಂಜಿನ್ ಮಾತ್ರ ಶೆಡ್ಡಿನ ಮೂಲೆಯಲ್ಲಿ, ಸವೆದ ಟೈರಿನ ಮೇಲೆ, ಗೋಣಿಚೀಲ ಹೊದ್ದು ಕೂತೇ ಇರುತ್ತದೆ. ಎರಡು ಮಳೆಗಾಲ ಕಳೆದು, ಬಾಡಿಗೆ ಬಣ್ಣ ಬಂದು, ಎಂಜಿನ್ ಕೂರಿಸುವ ದಿನ ಹ್ಯಾಂಡಲ್ ಹಾಕಿ ತಿರುಗಿಸಲು ನೋಡಿದರೆ ಅಲುಗುವುದಿಲ್ಲ. ಜಾಮ್.

ಇಳಿಸುವಾಗ ಚೆನ್ನಾಗಿಯೇ ಓಡುತ್ತಿದ್ದ ಎಂಜಿನ್ ಅದು. ಓಡದ ಯಂತ್ರ ಸವೆಯುವುದಿಲ್ಲ, ನಿಜ. ಆದರೆ ತುಕ್ಕಿಗೆ ಯಂತ್ರ ಓಡಬೇಕೆಂದೇನೂ ಇಲ್ಲ. ಪದ್ಮಿನಿಯ 1089 ಸಿಸಿ ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣದ್ದು. ಬೋರಿನ ಗೋಡೆಗೆ ಅಂಟಿದ ಆಯಿಲ್ ಪದರ ನಿಂತಲ್ಲೇ ನಿಧಾನವಾಗಿ ಕೆಳಗೆ ಜಾರುತ್ತದೆ. ಗಾಳಿಯ ತೇವಾಂಶ ಶೇಕಡಾ 60 ದಾಟಿದರೆ ಬರಿಮೈ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಮಂಗಳೂರು, ಶಿರಸಿ, ಮಡಿಕೇರಿಗಳ ಆಷಾಢದಲ್ಲಿ ಅದು 80ಕ್ಕಿಂತ ಕೆಳಗಿಳಿಯುವ ದಿನಗಳೇ ಅಪರೂಪ. ಎಲ್ಲ ತೂತುಗಳೂ ಮುಚ್ಚಿದಂತೆ ಕಂಡರೂ ಒಳಗೆ ಗಾಳಿ ಹೋಗದೆ ಇರುವುದಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ ಯಾವ ಸ್ಥಿತಿಯಲ್ಲಿ ನಿಂತರೂ ಒಂದೆರಡು ವಾಲ್ವ್ ತೆರೆದೇ ಇರುತ್ತವೆ. ಆ ಸಿಲಿಂಡರಿನಲ್ಲಿ ರಿಂಗ್ ನಿಂತ ಜಾಗದಲ್ಲಿ ಕೂದಲೆಳೆಯಷ್ಟು ತುಕ್ಕಿನ ಗೆರೆ ಮೂಡಿದರೆ ಸಾಕು, ರಿಂಗ್ ಕಚ್ಚಿಕೊಳ್ಳುತ್ತದೆ. ಬಿಡಿಸಿದ ಮೇಲೂ ಗುಳಿ ಉಳಿಯುತ್ತದೆ. ಆಮೇಲೆ ಬ್ಲಾಕ್ ಬೋರಿಂಗ್‌ಗೆ ಹೋಗಬೇಕು, ಓವರ್‌ಸೈಜ್ ಪಿಸ್ಟನ್ ಹುಡುಕಿಕೊಂಡು ಅಲೆಯಬೇಕು.

ಎಂಜಿನ್ನನ್ನು ವರ್ಷಗಟ್ಟಲೆ ಕೆಡದಂತೆ ಇಡುವ ವಿದ್ಯೆಯನ್ನು ಕಾರಿನವರಿಗಿಂತ ಚೆನ್ನಾಗಿ ಬಲ್ಲವರು ವಿಮಾನದವರು. ಇದಕ್ಕೂ ಪದ್ಮಿನಿಗೂ ಒಂದು ಹಳೆಯ ನಂಟಿದೆ. 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇಂದಿನ ಎಚ್‌ಎಎಲ್, ಶುರುಮಾಡಿದ ವಾಲ್‌ಚಂದ್ ಹೀರಾಚಂದರೇ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ಬೆಂಗಳೂರಿನ ಆ ಕಾರ್ಖಾನೆ ಅಮೆರಿಕದ ವಾಯುಪಡೆಯ ದುರಸ್ತಿ ಡಿಪೋ ಆಗಿತ್ತು. ಇಂದಿಗೂ ಹಾರಾಟ ನಿಲ್ಲಿಸಿದ ಪಿಸ್ಟನ್ ವಿಮಾನದ ಎಂಜಿನ್‌ಗೆ ಮಾಡುವ ಉಪಚಾರ ಸರಳ. ತುಕ್ಕು ತಡೆಯುವ ಆಯಿಲ್ ಹಾಕಿ ಬಿಸಿಯಾಗುವವರೆಗೆ ಓಡಿಸುತ್ತಾರೆ, ಸಿಲಿಂಡರಿನೊಳಗೆ ಅದೇ ಆಯಿಲನ್ನು ಸಿಂಪಡಿಸುತ್ತಾರೆ, ಪ್ಲಗ್ಗಿನ ಜಾಗಕ್ಕೆ ಸಿಲಿಕಾ ಜೆಲ್ ತುಂಬಿದ ಪಾರದರ್ಶಕ ಬಿರಡೆ ತಿರುಗಿಸಿ ಉಳಿದ ಬಾಯಿಗಳನ್ನೆಲ್ಲ ಭದ್ರವಾಗಿ ಮುಚ್ಚುತ್ತಾರೆ. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ಒಳಗೆ ಬಂದಿದೆ ಎಂದರ್ಥ.

ಇದರಲ್ಲಿ ನಮ್ಮ ಶೆಡ್ಡಿನಲ್ಲಿ ಮಾಡಲಾಗದ್ದು ಯಾವುದೂ ಇಲ್ಲ. ಆದರೆ ಕೆಲಸ ಎಂಜಿನ್ ಇಳಿಸುವ ಮೊದಲೇ ಶುರುವಾಗಬೇಕು, ಹೆಚ್ಚಿನವರು ಎಡವುವುದು ಇಲ್ಲಿಯೇ. ಹೇಗೂ ಇಳಿಸುತ್ತೇವಲ್ಲ, ಹೊಸ ಆಯಿಲ್ ಯಾಕೆ ದಂಡ ಎಂದು ಕಪ್ಪಗಾದ ಹಳೆಯದನ್ನೇ ಬಿಡುತ್ತಾರೆ. ಅದರಲ್ಲಿ ನೀರಿದೆ, ಉರಿದ ಪೆಟ್ರೋಲಿನ ಆಮ್ಲಗಳಿವೆ. ಬೇರಿಂಗ್‌ಗಳು ವರ್ಷವಿಡೀ ಅದರಲ್ಲೇ ನೆನೆಯಬೇಕು. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ ಹದಿನೈದಿಪ್ಪತ್ತು ನಿಮಿಷ ಚೆನ್ನಾಗಿ ಕಾಯಿಸಿ, ಆಮೇಲೆ ಇಳಿಸಿ. ಕಾರ್ಬುರೇಟರ್ ಖಾಲಿ ಮಾಡಿ. ಪೆಟ್ರೋಲ್ ಆವಿಯಾಗಿ ಉಳಿಯುವ ಅಂಟು ಜೆಟ್‌ಗಳನ್ನು ಕಟ್ಟಿಹಾಕುತ್ತದೆ, ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಸಾಲದ್ದಕ್ಕೆ ನೀರನ್ನೂ ಹೀರುತ್ತದೆ. ಬ್ಲಾಕಿನ ಪಕ್ಕದ ನೀರಿನ ನಲ್ಲಿ ತೆರೆದು ಬೋರ್‌ವೆಲ್ ನೀರನ್ನು ಪೂರ್ತಿ ಇಳಿಸಿ, ಗಾಳಿ ಹೊಡೆಸಿ.

ಇಳಿಸಿದ ಮೇಲೆ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಎರಡು ಚಮಚ ಆಯಿಲ್ ಬಿಟ್ಟು, ಕೈಯಿಂದ ಎರಡು ಮೂರು ಸುತ್ತು ತಿರುಗಿಸಿ, ಹಳೆಯ ಪ್ಲಗ್ಗುಗಳನ್ನೇ ಹಾಕಿ. ಕರಾವಳಿ ಕಡೆ ಕೆಲವರು ತೆಂಗಿನೆಣ್ಣೆ ಬಿಡುವುದುಂಟು, ಅದು ಬೇಡವೇ ಬೇಡ. ಅಡುಗೆ ಎಣ್ಣೆ ಯಾವುದಾದರೂ ಕಾಲಕ್ರಮದಲ್ಲಿ ಜಿಗುಟಾಗಿ ಅದೇ ರಿಂಗನ್ನು ಹಿಡಿಯುತ್ತದೆ. ಟ್ಯಾಪೆಟ್ ಕವರ್ ತೆಗೆದು ರಾಕರ್ ಶಾಫ್ಟ್ ಸಡಿಲಿಸಿದರೆ ಎಂಟೂ ವಾಲ್ವ್ ಮುಚ್ಚಿಕೊಳ್ಳುತ್ತವೆ. ಅರ್ಧ ಗಂಟೆಯ ಕೆಲಸ. ನನ್ನ ಲೆಕ್ಕದಲ್ಲಿ ಇಡೀ ಉಪಚಾರದಲ್ಲಿ ಅತಿ ಹೆಚ್ಚು ಲಾಭ ಕೊಡುವುದು ಇದೇ. ಕ್ಲಚ್ ಪ್ಲೇಟನ್ನು ಬಿಚ್ಚಿ ಬೇರೆ ಇಡಿ, ಇಲ್ಲದಿದ್ದರೆ ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ಇನ್‌ಲೆಟ್, ಎಕ್ಸಾಸ್ಟ್ ಬಾಯಿಗಳಿಗೆ ಬಟ್ಟೆ ತುರುಕುವ ಅಭ್ಯಾಸ ಕೆಟ್ಟದ್ದು. ಬಟ್ಟೆ ತೇವ ಹೀರುತ್ತದೆ, ಇಲಿಗೆ ಹಾಸಿಗೆಯಾಗುತ್ತದೆ. ತಗಡು ಕತ್ತರಿಸಿ ಹಳೆಯ ಗ್ಯಾಸ್ಕೆಟ್ ಇಟ್ಟು ಬೋಲ್ಟ್ ಮಾಡಿದರೆ ಕಣಜವೂ ಮಣ್ಣಿನ ಗೂಡು ಕಟ್ಟದು.

ಪ್ಲಾಸ್ಟಿಕ್ ಶೀಟು ಬಿಗಿದು ಕಟ್ಟುವುದರ ಬಗ್ಗೆ ಒಂದು ಮಾತು. ಹಗಲಿನ ಬಿಸಿ, ರಾತ್ರಿಯ ತಂಪಿಗೆ ಒಳಗಿನ ಗಾಳಿಯ ತೇವ ಬೆವರಾಗಿ ಎಂಜಿನ್ ಮೇಲೆಯೇ ಇಳಿಯುತ್ತದೆ. ಬಿಗಿಯಲೇಬೇಕೆಂದರೆ ಬಿಡಿಭಾಗ ರಫ್ತು ಮಾಡುವ ಕಾರ್ಖಾನೆಗಳು ಬಳಸುವ ವಿಸಿಐ ಚೀಲ ತನ್ನಿ, ಅದರ ಆವಿಯೇ ಲೋಹಕ್ಕೆ ಕಾವಲು. ಒಳಗೆ ಸಿಲಿಕಾ ಜೆಲ್ ಇಡಿ. ಗುಲಾಬಿಯಾದ ಹರಳನ್ನು ಅಡುಗೆಗೆ ಬಳಸದ ಪಾತ್ರೆಯಲ್ಲಿ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತದೆ. ಎಂಜಿನ್ನಿನ ಭಾರ ಸಂಪಿನ ತಗಡಿನ ಮೇಲೆ ಬೀಳದಂತೆ ಮೌಂಟಿಂಗ್‌ಗೆ ಆಸರೆ ಕೊಟ್ಟು ಮರದ ಚೌಕಟ್ಟಿನಲ್ಲಿ ನೆಲದಿಂದ ಎತ್ತರಿಸಿ ಕೂರಿಸಿ. ಮಲೆನಾಡಿನ ಮನೆಗಳಲ್ಲಿ ಕಾರಿನ ಶೆಡ್ಡೇ ಗೊಬ್ಬರದ ದಾಸ್ತಾನೂ ಆಗಿರುತ್ತದೆ. ಪೊಟ್ಯಾಷ್ ಚೀಲದ ಪಕ್ಕ ಇಟ್ಟ ಎಂಜಿನ್ ಸಮುದ್ರತೀರದಲ್ಲಿ ಇಟ್ಟ ಹಾಗೆಯೇ: ಎರಡೂ ಕಡೆ ಇರುವುದು ಕ್ಲೋರೈಡ್ ಉಪ್ಪು. ಕೊಟ್ಟಿಗೆಯ ಅಮೋನಿಯಾ ಹಿತ್ತಾಳೆಯನ್ನು ತಿನ್ನುತ್ತದೆ.

ಇಷ್ಟು ಮಾಡಿದ ಮೇಲೆ ಮಾಡಬೇಕಾದ ಅತಿ ಕಷ್ಟದ ಕೆಲಸ, ಸುಮ್ಮನಿರುವುದು. ತಿಂಗಳಿಗೊಮ್ಮೆ ಬ್ಯಾಟರಿ ಜೋಡಿಸಿ ಎರಡು ನಿಮಿಷ ಓಡಿಸಿ ಖುಷಿಪಡುವವರಿದ್ದಾರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಪೂರ್ತಿ ಕಾಯದ ಎಂಜಿನ್ನಿನಲ್ಲಿ ಅದರ ಒಂದು ಪಾಲು ಆವಿಯಾಗಿ ಹೋಗದೆ ಒಳಗೇ ನಿಲ್ಲುತ್ತದೆ. ಕೈಯಿಂದ ತಿರುಗಿಸುತ್ತಿರಬೇಕೇ ಎಂಬುದು ಗ್ಯಾರೇಜುಗಳ ಮುಗಿಯದ ಜಗಳ. ವಿಮಾನ ಎಂಜಿನ್ ತಯಾರಿಸುವ ಲೈಕಮಿಂಗ್ ಕಂಪನಿಯ ಅಭಿಪ್ರಾಯದಲ್ಲಿ ತುಕ್ಕು ತಡೆಯಲೆಂದು ಕೈಯಿಂದ ತಿರುಗಿಸುವುದು ಲಾಭಕ್ಕಿಂತ ಹಾನಿಯನ್ನೇ ಮಾಡುತ್ತದೆ. ನಾನೂ ಆ ಕಡೆಯವನೇ. ತಿರುಗಿಸಲೇಬೇಕೆನ್ನಿಸಿದರೆ ಮೊದಲು ಸಿಲಿಂಡರಿಗೆ ಆಯಿಲ್ ಬಿಡಿ.

ಕಾಗದದ ವಿಷಯ ಮರೆಯಬಾರದು. ಬ್ಲಾಕಿನ ಮೇಲೆ ಕೊರೆದ ಎಂಜಿನ್ ನಂಬರ್ ಆರ್‌ಸಿಯಲ್ಲೂ ಇರುತ್ತದೆ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಖಾಸಗಿ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು; ಆದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು. ಮೊದಮೊದಲ ಪದ್ಮಿನಿಗಳು ಈಗ ಆ ವಯಸ್ಸಿಗೆ ಬಂದಿವೆ. ಗ್ರೀಸ್ ಬಳಿಯುವ ಮುನ್ನ ನಂಬರಿನ ಫೋಟೊ ತೆಗೆದಿಡಿ.

ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಬಿಡಿಭಾಗದ ಅಂಗಡಿಗಳನ್ನು ಬದುಕಿಸಿದ್ದೇ ಆ ಟ್ಯಾಕ್ಸಿಗಳು. ನಿಮ್ಮ ಶೆಡ್ಡಿನಲ್ಲಿ ಇಂಥದ್ದೊಂದು ಎಂಜಿನ್ ಇದ್ದರೆ ಮುಂಗಾರಿಗೆ ಮೊದಲೇ ಗೋಣಿಚೀಲ ಸರಿಸಿ ನೋಡಿ. ಮತ್ತೆ ಕೂರಿಸುವ ಇರಾದೆ ಇಲ್ಲದಿದ್ದರೆ, ಇನ್ನೂ ತಿರುಗುತ್ತಿರುವಾಗಲೇ ಪದ್ಮಿನಿ ಓಡಿಸುತ್ತಿರುವವರಿಗೆ ಕೊಟ್ಟುಬಿಡಿ.